ದುಡ್ಡು ಬರುತ್ತದೆ, ಅಧಿಕಾರ ಬರುವುದಿಲ್ಲ

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಸಿಮೆಂಟ್ ಚರಂಡಿಗೆ ಬರವಿಲ್ಲ. ಕೆಲವೆಡೆ ಚೆನ್ನಾಗಿದ್ದುದನ್ನೇ ಒಡೆದು ಮತ್ತೆ ಕಟ್ಟಿದ್ದಾರೆ. ಗುತ್ತಿಗೆದಾರರ ಆಸೆಯೂ ಅದರಲ್ಲಿದೆ, ನಿಜ. ಆದರೆ ಎಲ್ಲವನ್ನೂ ಅವರ ತಲೆಗೆ ಕಟ್ಟಿದರೆ ದೆಹಲಿ ಸುಲಭವಾಗಿ ಪಾರಾಗುತ್ತದೆ.

ಕೇಂದ್ರದ ತೆರಿಗೆ ಹಣವನ್ನು ಹೇಗೆ ಹಂಚಬೇಕೆಂದು ಹೇಳುವ 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು; ಚರಂಡಿಯೂ ನೈರ್ಮಲ್ಯದ ಲೆಕ್ಕಕ್ಕೇ. ನೀರು ಬೇಡ, ಶೌಚಾಲಯ ಬೇಡ ಎನ್ನುವವರು ಯಾರೂ ಇಲ್ಲ. ಕಾಯಿಲೆ ಬಿದ್ದರೆ ಮೊದಲು ಕೂಲಿ ಕಳೆದುಕೊಳ್ಳುವವರು ಬಡವರೇ. ಆದರೆ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಊರಿಗೂ ಬಹುಪಾಲು ಮಳೆಯನ್ನೇ ನಂಬಿದ ನಾಗಮಂಗಲದ ಊರಿಗೂ ಒಂದೇ ಕೊರತೆ ಎಂದು ದೂರದಲ್ಲಿ ಕುಳಿತು ತೀರ್ಮಾನಿಸಿದರೆ ಗ್ರಾಮಸಭೆ ಏಕೆ ಬೇಕು? ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗೆಂದು 29 ವಿಷಯಗಳಿವೆ. ಬಡತನ ನಿರ್ಮೂಲನೆ ಅವುಗಳಲ್ಲೊಂದು. ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಆಯಾಗೆ ಸಂಬಳ ಕೊಡೋಣವೆಂದರೆ, ಪಂಚಾಯಿತಿಯೇ ತೀರ್ಮಾನಿಸಬಹುದಾಗಿದ್ದ ಉಳಿದ ಶೇ 40ರ ಅನುದಾನವನ್ನೂ ಸಂಬಳಕ್ಕೆ ಮುಟ್ಟುವಂತಿರಲಿಲ್ಲ. ಗೋಡೆ ಕಟ್ಟಬಹುದಿತ್ತು, ಒಳಗೆ ಮನುಷ್ಯರನ್ನು ಕೂರಿಸುವಂತಿರಲಿಲ್ಲ!

ಇನ್ನು ನೇರವಾಗಿ ಬಡವರ ಕೈಗೆ ಸೇರುವ ಹಣ. ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲಿ ಇದ್ದದ್ದೂ ಅಷ್ಟೇ. 65 ದಾಟಿದವರ ಕೈಗೆ 1,200 ಸೇರುವುದು ರಾಜ್ಯ ತನ್ನದನ್ನೂ ಸೇರಿಸುವುದರಿಂದ.

ಹಾಗೆಂದು ಬೆಂಗಳೂರಿನವರ ಬೆನ್ನು ತಟ್ಟಲಾರೆ. ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಇಳಿದಾಗ ಎದ್ದ ಕೂಗು ನ್ಯಾಯವಾದದ್ದೇ, ನಾನೂ ಕೂಗಿದ್ದೇನೆ. ಆದರೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಸದವರು ಯಾರು? ಮೊದಲು ಬಿಜೆಪಿ, ಆಮೇಲೆ ಕಾಂಗ್ರೆಸ್. ಚುನಾಯಿತ ಸದಸ್ಯರಿಲ್ಲದ ಪಂಚಾಯಿತಿಗೆ ಆಯೋಗದ ಅನುದಾನವಿಲ್ಲ ಎಂಬ ಷರತ್ತು ಇವರಿಗೆ ತಿಳಿಯದೇ ಇತ್ತೇ? ದೆಹಲಿಯಿಂದ ಹಕ್ಕು ಕೇಳುವಾಗ ಗಟ್ಟಿಯಾಗುವ ದನಿ, ಅದೇ ಹಕ್ಕನ್ನು ಕೆಳಗೆ ಕೊಡಬೇಕಾದಾಗ ಏಕೆ ಉಡುಗುತ್ತದೆ? ಅಧಿಕಾರ ವಿಕೇಂದ್ರೀಕರಣಕ್ಕೆ ದೇಶಕ್ಕೇ ದಾರಿ ತೋರಿಸಿದ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇಲ್ಲೇ ಮೈಸೂರಿನಲ್ಲಿದೆ. ತರಬೇತಿಗೆ ಕರೆಯಲು ಜಿಲ್ಲಾ ಪಂಚಾಯಿತಿ ಸದಸ್ಯರೇ ಇಲ್ಲ.

ನಿಮ್ಮೂರಿನ ಗ್ರಾಮಸಭೆಗೆ ಹೋದಾಗ ಆ ಶೇ 40ರ ಕ್ರಿಯಾಯೋಜನೆಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಗಟ್ಟಿಯಾಗಿ ಓದಿಸಿ. ಅದರಲ್ಲೂ ಚರಂಡಿಯೇ ಇದ್ದರೆ, ಯಾರು ಕೇಳಿದ್ದರು ಎಂದು ವಿಚಾರಿಸಿ ಇಲ್ಲಿ ಬರೆಯಿರಿ.