ಒಳ್ಳೆ ಗಾಳಿಗೆ ಥ್ಯಾಂಕ್ಸ್ ಹೇಳಿದ್ರಾ?

ಇಂಡೋನೇಷ್ಯಾದ ಉಪಾಧ್ಯಕ್ಷರಾಗಿದ್ದ ಜೂಸುಫ್ ಕಲ್ಲಾ ಅವರಿಗೆ 2015ರಲ್ಲಿ ನೆರೆಯ ಸಿಂಗಪುರ, ಮಲೇಷ್ಯಾದವರ ಮೇಲೆ ಬೇಜಾರಾಗಿತ್ತು. ವರ್ಷಕ್ಕೆ ಹನ್ನೊಂದು ತಿಂಗಳು ನಮ್ಮ ಕಡೆಯಿಂದ ಒಳ್ಳೆ ಗಾಳಿ ಹೋಗುತ್ತದೆ, ಅದಕ್ಕೊಂದು ಥ್ಯಾಂಕ್ಸ್ ಇಲ್ಲ. ಒಂದು ತಿಂಗಳು ಕಾಡು ಸುಟ್ಟ ಹೊಗೆ ಹೋದರೆ ಮಾತ್ರ ಮುಖ ಊದಿಸಿಕೊಳ್ಳುತ್ತಾರೆ ಅಂತ. ನ್ಯಾಯವೇ ಅಲ್ವಾ?

ಸಿಂಗಪುರದವರಿಗೆ ಉಪಕಾರ ಸ್ಮರಣೆ ಕಮ್ಮಿ. 2013ರ ಜೂನ್‌ನಲ್ಲಿ ಅಲ್ಲಿನ ಮಾಲಿನ್ಯ ಸೂಚ್ಯಂಕ 401ಕ್ಕೇರಿತು. 300 ದಾಟಿದರೆ ಅಪಾಯ. ಅಂಗಡಿಗಳಲ್ಲಿ ಮಾಸ್ಕ್ ಖಾಲಿ. ಕೂಗಾಡಿದ್ದಕ್ಕೆ ಇಂಡೋನೇಷ್ಯಾದ ಮಂತ್ರಿಯೊಬ್ಬರು, ಮಕ್ಕಳ ಹಾಗೆ ಆಡಬೇಡಿ ಅಂದರು. ಕಲ್ಲಾ ಆ ಮಾತಾಡಿದ ವರ್ಷವೇ ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಮೊದಲು ಕೆಮ್ಮಿದವರು ಅದೇ ದೇಶದ ಸುಮಾತ್ರ, ಕಾಲಿಮಂತಾನ್‌ನ ಜನ. ಪಾಪ, ಅವರಿಗೆ ಯಾರಿಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗಲಿಲ್ಲ.

ಅಲ್ಲಿ ಕಾಡಿನ ಜೊತೆ ನೆಲವೇ ಉರಿಯುತ್ತದೆ. ಎಲೆ, ಬೇರು, ಕಡ್ಡಿ ಸಾವಿರಾರು ವರ್ಷ ನೀರಲ್ಲಿ ಕೂತು, ಪೂರ್ತಿ ಕೊಳೆಯದೆ ಆದ ಕಪ್ಪು ಜೌಗು ಮಣ್ಣು ಅದು. ತಾಳೆ ತೋಟ ಮಾಡಲು ಕಾಲುವೆ ತೋಡಿ ನೀರು ಬಸಿಯುತ್ತಾರೆ. ಒಣಗಿದ ಮಣ್ಣಿಗೆ ಕಿಡಿ ಬಿದ್ದರೆ ಬೆಂಕಿ ಒಳಗೊಳಗೇ ವಾರಗಟ್ಟಲೆ ಹರಿದಾಡುತ್ತದೆ. ಮೇಲೆ ನೀರು ಸುರಿದು, ಆರಿತು ಅಂತ ಫೋಟೋ ತೆಗೆಸಿಕೊಂಡು ಹೋದರೆ ಮಾರನೇ ದಿನ ಹತ್ತು ಮಾರು ಆಚೆ ಹೊಗೆ.

ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ ಅನ್ನುತ್ತಾರೆ. ಇಲ್ಲಿ ಎರಡೂ ಇವೆ, ಹಚ್ಚಿದವರು ಮಾತ್ರ ಇಲ್ಲ. ಕಂಪನಿ ರೈತನ ಕಡೆ ಕೈ ತೋರಿಸುತ್ತದೆ, ರೈತ ಕಂಪನಿಯ ಕಡೆ. 2019ರಲ್ಲಿ ಇಂಡೋನೇಷ್ಯಾ ಬೀಗ ಜಡಿದ ತೋಟಗಳಲ್ಲಿ ಮಲೇಷ್ಯಾ, ಸಿಂಗಪುರದ ಕಂಪನಿಗಳವೂ ಇದ್ದವು. ಅಂದರೆ ಹೊಗೆ ಸುಮ್ನೆ ಮಾಲೀಕರ ಮನೆ ಹುಡುಕಿಕೊಂಡು ಹೋಗಿರಬೇಕು! ನಾವು ನಗುವ ಹಾಗಿಲ್ಲ. ಪ್ರಪಂಚದಲ್ಲೇ ಜಾಸ್ತಿ ತಾಳೆ ಎಣ್ಣೆ ತರಿಸುವುದು ನಮ್ಮ ದೇಶ. ಸಂಜೆಯ ಬಜ್ಜಿ ಯಾವುದರಲ್ಲಿ ಕರಿದಿದ್ದು ಅಂತ ಯಾರು ಕೇಳುತ್ತಾರೆ?

ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್‌ನ ದೇಶಗಳು ಕೈಕಟ್ಟಿ ಕೂತಿಲ್ಲ. 2002ರಲ್ಲೇ ಹೊಗೆ ತಡೆಯುವ ಒಪ್ಪಂದಕ್ಕೆ ಸಹಿ ಹಾಕಿದವು. ಇಂಡೋನೇಷ್ಯಾದ ಸಂಸತ್ತು ಅದನ್ನು ಒಪ್ಪಿದ್ದು 2014ರಲ್ಲಿ, ಎಲ್ಲರಿಗಿಂತ ಕೊನೆಗೆ. ಅವಸರದಲ್ಲಿ ಓದುವ ಕಾಗದವಲ್ಲ ನೋಡಿ. ಆಮೇಲೆ 2020ಕ್ಕೆ ಹೊಗೆಮುಕ್ತ ಅಂದರು. 2019ರಲ್ಲಿ ಮಲೇಷ್ಯಾ ಹೊಗೆಗೆ ಶಾಲೆಗಳನ್ನು ಮುಚ್ಚಿತು. ಈಗ 2030 ಅನ್ನುತ್ತಿದ್ದಾರೆ.

ನಮ್ಮ ಕಡೆ ದೆವ್ವ ಬಾರದಿರಲಿ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ಆಸಿಯಾನ್ ಅದನ್ನೇ ಲೆಟರ್‌ಹೆಡ್ ಮೇಲೆ ಬರೆದಿದೆ. ದೆವ್ವವಾದರೆ ಓದಿಕೊಂಡು ವಾಪಸ್ ಹೋಗುತ್ತಿತ್ತು. ಹೊಗೆಗೆ ಓದು ಬರುವುದಿಲ್ಲ.