ಜೀಪಿನ ಚೀಟಿ, ಹನ್ನೊಂದು ತಿಂಗಳ ಆಫೀಸು

ನಿನ್ನೆ ಮಧ್ಯಾಹ್ನ ಆ ಸುರಿಯೋ ಮಳೆಯಲ್ಲಿ ಪಕ್ಕದ ತೋಟದ ಅಜ್ಜಿ ಮನೆಗೆ ಒಂದು ಹುಡುಗಿ ಬಂದ್ಳು. ಕೈಯಲ್ಲಿ ಟ್ಯಾಬು, ಬ್ಯಾಗಲ್ಲಿ ಕೈಹಿಡಿತದ ಬಲ ಅಳೆಯೋ ಮೆಷಿನ್ನು, ಕಾಲಲ್ಲಿ ಎರಡು ಜಿಗಣೆ. ವಯಸ್ಸಾದವರ ಸರ್ವೆಯಂತೆ, ಮೂರು ಯೂನಿವರ್ಸಿಟಿ ಸೇರಿ ಮಾಡ್ತಿರೋದಂತೆ. ಅಜ್ಜಿ ಮೆಷಿನ್ ಹಿಡ್ಕೊಂಡು "ಮೆಣಸು ಬಿಡಿಸಿದ ಕೈ ಕೂಸೇ, ಇದು ಮುರಿದ್ರೆ ನನ್ನ ಕೇಳ್ಬೇಡ" ಅಂದ್ರು. ನಕ್ಕು ಸಾಕಾಯ್ತು.

ಆಮೇಲೆ ಸಿಟ್ಟು ಬಂತು.

ಎರಡು ವರ್ಷದ ಹಿಂದೆ ಇದೇ ಪ್ರಾಜೆಕ್ಟಿನವರು ಇದೇ ಅಜ್ಜಿನ ಮಾತಾಡ್ಸಿಕೊಂಡು ಹೋಗಿದ್ರು. ಈ ಹುಡುಗಿ ಲಿಸ್ಟಲ್ಲಿ ಅಜ್ಜಿ ಮನೆ ಹೆಸರು ತಪ್ಪು, ಫೋನ್ ನಂಬರು ಬೆಂಗಳೂರಲ್ಲಿರೋ ಮಗನ ಹಳೇದು, ಗುರುತು ಅಂತ "ದೊಡ್ಡ ಹಲಸಿನ ಮರ" ಅಂತ ಬರೆದಿದೆ, ಆ ಮರ ಹೋದ ಮಳೆಗಾಲದಲ್ಲೇ ಬಿತ್ತು. ಮೂರು ಗಂಟೆ ಸುತ್ತಿದ್ದಾಳೆ ಪಾಪ. ಆಫೀಸಿಗೆ ಫೋನ್ ಮಾಡ್ಲಿಲ್ವಾ ಅಂದ್ರೆ, "ಹಿಂದೆ ಇದ್ದ ಮೇಡಂದು ಹನ್ನೊಂದು ತಿಂಗಳ ಕಾಂಟ್ರಾಕ್ಟ್ ಮುಗೀತು ಆಂಟಿ, ಈಗಿನವರಿಗೆ ಏನೂ ಗೊತ್ತಿಲ್ಲ."

ಹನ್ನೊಂದು ತಿಂಗಳು! ಮನುಷ್ಯರು ಹೇಗೆ ಮುದುಕರಾಗ್ತಾರೆ ಅಂತ ವರ್ಷಗಟ್ಟಲೆ ನೋಡೋ ಪ್ರಾಜೆಕ್ಟಿಗೆ ಹನ್ನೊಂದು ತಿಂಗಳ ಆಫೀಸು.

ನನ್ನ ಹಳೇ ಕೆಲಸ ನಿಮಗೆ ಗೊತ್ತಲ್ಲ, ಮೈಸೂರಲ್ಲಿ ಇಂಥದ್ದೇ ಆಫೀಸಲ್ಲಿ ಏಳು ವರ್ಷ ಫೈಲು ಹೊತ್ತೋಳು ನಾನು. ಈ ತರದ ಅಧ್ಯಯನದಲ್ಲಿ ಅದೇ ಮನುಷ್ಯರನ್ನ ಮತ್ತೆ ಮತ್ತೆ ಹುಡುಕಿ ಕೇಳೋದೇ ಮುಖ್ಯ. ಲಾಸಿ ಅಂತ ವಯಸ್ಸಾಗೋದರ ಬಗ್ಗೆ ದೇಶದ ದೊಡ್ಡ ಸರ್ವೆ ಇದೆಯಲ್ಲ, 2017-18ರ ಮೊದಲ ಸುತ್ತಲ್ಲೇ 72,000ಕ್ಕೂ ಹೆಚ್ಚು ಜನರನ್ನ ಮಾತಾಡ್ಸಿದ್ರು, ಮುಂಬೈನ ಜನಸಂಖ್ಯಾ ಅಧ್ಯಯನದ ಸಂಸ್ಥೆ, ಅಮೆರಿಕದ ಹಾರ್ವರ್ಡು, ಸದರ್ನ್ ಕ್ಯಾಲಿಫೋರ್ನಿಯಾ ಎಲ್ಲ ಜೊತೆಗೆ. ನಮ್ಮ ಕೋಲಾರದ ಶ್ರೀನಿವಾಸಪುರದಲ್ಲೂ ಐಐಎಸ್ಸಿಯ ಮೆದುಳು ಸಂಶೋಧನಾ ಕೇಂದ್ರದವರು ಹಳ್ಳಿ ಜನರ ನೆನಪಿನ ಶಕ್ತಿ ಬಗ್ಗೆ ವರ್ಷಾನುಗಟ್ಟಲೆ ಅಧ್ಯಯನ ಮಾಡ್ತಿದ್ದಾರೆ. ಪೇಪರ್‌ನಲ್ಲಿ ಪ್ರೊಫೆಸರ್ ಫೋಟೋ ಬರುತ್ತೆ, ಸಂತೋಷ. ಆದ್ರೆ ಎಥಿಕ್ಸ್ ಕಮಿಟಿಗೆ ಕಡತ ಕಳ್ಸೋದು, ವಿದೇಶಿ ದುಡ್ಡು ಇದ್ರೆ ದೆಹಲಿ ಅನುಮತಿಗೆ ಬೆನ್ನು ಬೀಳೋದು, ಓದೋಕೆ ಬರದವರು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತೋವಾಗ ಪಕ್ಕದಲ್ಲಿ ಸಾಕ್ಷಿ ಸಹಿ ಇದೆಯಾ ನೋಡೋದು, ಇವೆಲ್ಲ ಯಾರು ಮಾಡ್ತಾರೆ? ಮಾರ್ಚ್ 31 ಬಂತಂದ್ರೆ ಮೂರು ಕಡೆ ಲೆಕ್ಕ ತಾಳೆ ಹಾಕ್ಬೇಕು, ಒಂದು ಕಡೆಯ ಯುಟಿಲೈಸೇಶನ್ ಸರ್ಟಿಫಿಕೇಟ್, ಅಂದ್ರೆ ದುಡ್ಡು ಹೇಗೆ ಖರ್ಚಾಯ್ತು ಅನ್ನೋ ಪತ್ರ, ತಡ ಆದ್ರೆ ಮುಂದಿನ ಕಂತು ನಿಂತೇಹೋಗುತ್ತೆ, ಆಗ ಎಲ್ರಿಗೂ ನನ್ನ ಹೆಸರು ನೆನಪಾಗ್ತಿತ್ತು. ಸೆಮಿನಾರ್‌ ವಂದನಾರ್ಪಣೆಯಲ್ಲಿ ಮಾತ್ರ ಮೈಕ್‌ಸೆಟ್‌ನವರಿಗೂ ಧನ್ಯವಾದ, ನನಗಿಲ್ಲ. (ಹೌದು, ಇನ್ನೂ ಹೊಟ್ಟೆಯಲ್ಲಿ ಇಟ್ಕೊಂಡಿದೀನಿ.)

ಒಬ್ರು ಪ್ರೊಫೆಸರ್ ಗೆಳೆಯರು ಹೇಳ್ತಾರೆ, ಆಡಳಿತಕ್ಕೇ ದುಡ್ಡು ಸುರಿದ್ರೆ ಸಂಶೋಧನೆಗೆ ಏನುಳಿಯುತ್ತೆ, ಎಲ್ಲ ಆನ್‌ಲೈನ್ ಆಗಿದೆ ಅಂತ. ಸರಿ ಸ್ವಾಮಿ. ಹಲಸಿನ ಮರ ಬಿದ್ದಿದ್ದು ಯಾವ ಪೋರ್ಟಲಲ್ಲಿ ಅಪ್‌ಡೇಟ್ ಆಯ್ತು? ನಮ್ಮ ಕೊಡಗಲ್ಲಿ ಕಕ್ಕಡ ತಿಂಗಳ ಜಡಿಮಳೆಗೆ ಕರೆಂಟ್ ಹೋದ್ರೆ ನೆಟ್‌ವರ್ಕೂ ಹೋಗುತ್ತೆ, ಅಜ್ಜಿ ಕಾಫಿ ಕಣದ ಮೂಲೆಗೆ ಹೋಗಿ ನಿಂತ್ರೆ ಒಂದು ಕಡ್ಡಿ ಸಿಗ್ನಲ್. ಇದನ್ನ ಆಫೀಸಲ್ಲಿ ಒಬ್ಳು ಬರೆದಿಟ್ಟಿರ್ತಾಳೆ, ಅವಳನ್ನೇ ಮನೆಗೆ ಕಳ್ಸಿಬಿಡಿ. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10 ಕೋಟಿ ಮೇಲಿದ್ರು, ಕೊಡಗಲ್ಲಂತೂ ಮಕ್ಕಳೆಲ್ಲ ಬೆಂಗಳೂರು, ಮಿಲಿಟರಿ, ದುಬೈ ಅಂತ ಹೋಗಿ ದೊಡ್ಡ ಮನೆಯಲ್ಲಿ ಒಬ್ಬೊಬ್ಬರೇ ಇರೋ ಅಜ್ಜಿಯರು ನಮ್ಮ ರಸ್ತೆಯಲ್ಲೇ ನಾಲ್ಕು ಜನ.

ನಾನೇನು ಸಾಚಾ ಅಲ್ಲ. ಒಮ್ಮೆ ಒಬ್ಬ ಹುಡುಗ ಭಾಗಮಂಡಲ ಕಡೆ ಫೀಲ್ಡಿಗೆ ಹೋಗಿ, ನೀರು ಬಂದು ಬಸ್ ನಿಂತು, ಜೀಪಲ್ಲಿ ಹೋಗಿದ್ದಕ್ಕೆ 340 ರೂಪಾಯಿ ಬಿಲ್ ಕಳ್ಸಿದ್ದ. ಟಿಕೆಟ್ ಇಲ್ಲ ಅಂತ ವಾಪಸ್ ಮಾಡ್ದೆ. ಎರಡು ಸಲ. ನನ್ನದೂ ಹನ್ನೊಂದು ತಿಂಗಳ ನೌಕರಿ, ಆಡಿಟಲ್ಲಿ ಸಿಕ್ಕಿಬಿದ್ರೆ ರಿನ್ಯೂವಲ್ ಇಲ್ಲ ಅನ್ನೋ ಭಯ. ಮೂರನೇ ಸಲ ಅವನು ಕಳ್ಸಲೇ ಇಲ್ಲ.

ನಿನ್ನೆ ಹುಡುಗಿ ಹೊರಡೋವಾಗ ಜೀಪಿನವನು ಮೆಣಸಿನ ಅಂಗಡಿ ಚೀಟಿ ಹಿಂದೆ ಬಾಡಿಗೆ ಬರೆದು ಸಹಿ ಹಾಕಿ ಕೊಟ್ಟ. "ಇದು ಪಾಸ್ ಆಗುತ್ತಾ ಆಂಟಿ?" ಅಂದ್ಳು. ನಾನು ಏನೂ ಹೇಳದೆ ಕೊಡೆ ಬಿಡಿಸಿ ಗೇಟಿನವರೆಗೆ ಬಿಟ್ಟು ಬಂದೆ.