ಬೆರಳಿಗೆ ಓದೋಕೆ ಬರಲ್ಲ

ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡಿಯೇ ಕೆಲಸ ಮಾಡಿಸುವ ಪರದೆಯಲ್ಲಿ, ಫೈಲ್ ತಿದ್ದಲು ನ್ಯಾನೋದಷ್ಟು ಸಾಧು ಎಡಿಟರ್ ಇನ್ನೊಂದಿಲ್ಲ. ವಿಮ್ ಎಂಬ ಇನ್ನೊಂದು ಎಡಿಟರ್ ಒಳಗೆ ಹೋದವರು ಹೊರಗೆ ಬರೋದು ಹೇಗೆ ಅಂತ ಊರೆಲ್ಲ ವಿಚಾರಿಸುತ್ತಾರೆ. ನ್ಯಾನೋ ಹಾಗೆ ಸತಾಯಿಸುವುದಿಲ್ಲ. ಹುಡುಕಲು ಯಾವ ಕೀ, ಸೇವ್ ಮಾಡಲು ಯಾವುದು, ಹೊರಡಲು ಯಾವುದು ಎಂದು ಪರದೆಯ ಕೆಳಗೆ ಎರಡು ಸಾಲಿನಲ್ಲಿ ಬರೆದೇ ಇಟ್ಟಿರುತ್ತದೆ. ಓದಲು ಬಂದರೆ ಸಾಕು. ನನಗೆ ಬರುತ್ತದೆ. ನನ್ನ ಬೆರಳುಗಳಿಗೆ ಬರುವುದಿಲ್ಲ.

ಕಾಪಿ ಮಾಡೋಣ ಅಂತ ಅವು ಕಂಟ್ರೋಲ್-ಸಿ ಒತ್ತುತ್ತವೆ. ನ್ಯಾನೋ ಮರ್ಯಾದೆಯಿಂದ, ನೀವು ಎಷ್ಟನೇ ಸಾಲಿನ ಎಷ್ಟನೇ ಅಕ್ಷರದಲ್ಲಿ ಇದ್ದೀರಿ ಎಂದು ತಿಳಿಸುತ್ತದೆ. ಕೇಳಿದವರಾರು? ಪೇಸ್ಟ್ ಮಾಡಲು ಕಂಟ್ರೋಲ್-ವಿ ಒತ್ತಿದರೆ ಒಂದು ಪುಟ ಕೆಳಗೆ ಇಳಿಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಕಂಟ್ರೋಲ್-ಎಸ್ ಇನ್ನೂ ಮಜವಾಗಿತ್ತು. ಸೇವ್ ಆಗುತ್ತಿರಲಿಲ್ಲ, ಬದಲಿಗೆ ಕೆಳಗೆ ‘ಎಕ್ಸ್‌ಆಫ್ ಇಗ್ನೋರ್ಡ್, ಮಂಬಲ್ ಮಂಬಲ್’ ಎಂದು ಬರುತ್ತಿತ್ತು. ಸುಮ್ನೆ ಹೇಳ್ತಿಲ್ಲ, ಅದೇ ಪದಗಳು. ಟರ್ಮಿನಲ್‌ಗೆ ಆ ಕೀ ಅಂದರೆ ‘ಸ್ವಲ್ಪ ನಿಲ್ಲಿಸು’ ಎಂಬ ಹಳೇ ಸೂಚನೆ. ನ್ಯಾನೋ ಅದನ್ನು ಕಿವಿಗೆ ಹಾಕಿಕೊಳ್ಳದೆ ಗೊಣಗುತ್ತಿತ್ತು ಅಷ್ಟೆ. ಈಗಿನ ಆವೃತ್ತಿ ಗೊಣಗದೆ ಸೇವ್ ಮಾಡುತ್ತದೆ. ನನಗೇನೋ ಆ ಗೊಣಗಾಟವೇ ಇಷ್ಟವಾಗಿತ್ತು.

ಈ ಕೀಗಳೆಲ್ಲ ಪಿಕೋ ಎಂಬ ಎಡಿಟರ್‌ನಿಂದ ಬಂದ ಆಸ್ತಿ. ಅದು ಪೈನ್ ಎಂಬ ಮೇಲ್ ಪ್ರೋಗ್ರಾಮ್ ಜೊತೆ ಬರುತ್ತಿತ್ತು, ಆದರೆ ತಿದ್ದಿ ಹಂಚಲು ಲೈಸೆನ್ಸ್ ಅಡ್ಡ ಬರುತ್ತಿತ್ತು. ಹಾಗಾಗಿ 1999ರಲ್ಲಿ ಕ್ರಿಸ್ ಅಲೆಗ್ರೆಟ್ಟಾ ಅದರಂತೆಯೇ ಕಾಣುವ ಮುಕ್ತ ಎಡಿಟರ್ ಬರೆದರು, ಅದೇ ಈ ನ್ಯಾನೋ. 2001ರಲ್ಲಿ ಅದು ಗ್ನೂ ಎಂಬ ಮುಕ್ತ ತಂತ್ರಾಂಶಗಳ ಬಳಗ ಸೇರಿತು.

ಹುಡುಕುವ ಕೀ ಕಂಟ್ರೋಲ್-ಡಬ್ಲ್ಯೂ. ಬ್ರೌಸರ್‌ನಲ್ಲಿ ಅದೇ ಕೀ ಟ್ಯಾಬ್ ಮುಚ್ಚುತ್ತದೆ. ಈಗೀಗ ಸರ್ವರ್‌ನ ಟರ್ಮಿನಲ್ ಬ್ರೌಸರ್ ಒಳಗೇ ತೆರೆದುಕೊಳ್ಳುತ್ತದಲ್ಲ, ಅಲ್ಲಿ ಒಂದು ಪದ ಹುಡುಕಲು ಹೋದರೆ ಪದ ಸಿಗುವುದಿರಲಿ, ಟರ್ಮಿನಲ್ಲೇ ಮಾಯ. ಪುಣ್ಯಕ್ಕೆ, ಹೀಗೆ ಸಂಪರ್ಕ ಕಡಿದಾಗ ನ್ಯಾನೋ ಸಾಮಾನ್ಯವಾಗಿ ಫೈಲ್ ಹೆಸರಿಗೆ ‘.ಸೇವ್’ ಅಂಟಿಸಿ, ಬರೆದದ್ದನ್ನು ಪಕ್ಕದಲ್ಲಿಟ್ಟೇ ಪ್ರಾಣ ಬಿಡುತ್ತದೆ.

ಇದೆಲ್ಲ ಸಣ್ಣಪುಟ್ಟದ್ದು. ನನ್ನ ಬೆರಳುಗಳ ನಿಜವಾದ ಪ್ರತಿಭೆ ನೋಡಬೇಕೆಂದರೆ ಹೊರಡುವಾಗ ನೋಡಬೇಕು. ಕಂಟ್ರೋಲ್-ಎಕ್ಸ್ ಒತ್ತಿದಾಗ, ಬದಲಾವಣೆ ಸೇವ್ ಮಾಡಲಾ ಎಂದು ನ್ಯಾನೋ ಕೇಳುತ್ತದೆ. ಅದಕ್ಕೆ ‘ವೈ’ ಒಂದೇ ಅಕ್ಷರ ಸಾಕು. ನನ್ನ ಬೆರಳಿಗೆ ಸಾಲದು, ಪೂರ್ತಿ ‘ಯೆಸ್’ ಎಂದೇ ಟೈಪ್ ಮಾಡುತ್ತವೆ. ‘ವೈ’ ಕೇಳಿದ ಕೂಡಲೇ ನ್ಯಾನೋ ಒಪ್ಪಿಕೊಂಡು, ಫೈಲ್ ಹೆಸರು ಇದೇ ತಾನೆ ಎಂದು ತೋರಿಸುತ್ತದೆ. ಹಿಂದೆಯೇ ಬಂದ ‘ಇ’ ಮತ್ತು ‘ಎಸ್’ ಆ ಹೆಸರಿನ ಬಾಲಕ್ಕೆ ಅಂಟಿಕೊಳ್ಳುತ್ತವೆ. ‘ನೋಟ್ಸ್’ ಇದ್ದದ್ದು ‘ನೋಟ್ಸೆಸ್’. ಎಂಟರ್ ಒತ್ತಿದರೆ, ಬೇರೆ ಹೆಸರಿನಲ್ಲಿ ಉಳಿಸಲಾ ಎಂದು ಮತ್ತೆ ಕೇಳುತ್ತದೆ. ‘ಬೇರೆ ಹೆಸರು’ ಎಂಬುದನ್ನು ದೊಡ್ಡಕ್ಷರದಲ್ಲೇ ಬರೆದಿರುತ್ತದೆ ಪಾಪ. ಬೆರಳುಗಳು ಮತ್ತೆ ‘ಯೆಸ್’. ‘ವೈ’ ನ್ಯಾನೋ ಪಾಲಿಗೆ ಹೋಗುತ್ತದೆ, ಅದು ಉಳಿಸಿ ಬಾಗಿಲು ಹಾಕಿಕೊಳ್ಳುತ್ತದೆ. ಉಳಿದ ಎರಡು ಅಕ್ಷರ ನೇರ ಶೆಲ್‌ಗೆ, ಅಂದರೆ ಟರ್ಮಿನಲ್‌ನಲ್ಲಿ ಕಮಾಂಡ್ ಕೇಳಿಸಿಕೊಳ್ಳುವ ಪ್ರೋಗ್ರಾಮ್‌ಗೆ. ಎಂಟರ್ ಬಿದ್ದದ್ದೇ ತಡ, ‘ಇಎಸ್’ ಎಂಬ ಕಮಾಂಡ್ ಇಲ್ಲ ಎಂದು ಶೆಲ್ ಕೈ ಆಡಿಸುತ್ತದೆ. ತಿದ್ದಿದ್ದು ‘ನೋಟ್ಸೆಸ್’ನಲ್ಲಿ, ಅಸಲಿ ‘ನೋಟ್ಸ್’ ಇದ್ದ ಹಾಗೇ ಇರುತ್ತದೆ.

2024ರಲ್ಲಿ ಬಂದ 8.0 ಆವೃತ್ತಿಯಲ್ಲಿ ನನ್ನಂಥವರಿಗಾಗಿಯೇ ಒಂದು ಆಯ್ಕೆ ಇದೆ, ‘ಮಾಡರ್ನ್‌ಬೈಂಡಿಂಗ್ಸ್’ ಎಂದು. ಅದನ್ನು ಹಾಕಿಕೊಂಡರೆ ಸಿ ಎಂದರೆ ಕಾಪಿ, ವಿ ಎಂದರೆ ಪೇಸ್ಟ್, ಎಕ್ಸ್ ಎಂದರೆ ಕಟ್, ಹೊರಡಲು ಕ್ಯೂ. ಎಲ್ಲ ಕಡೆ ಇರುವ ಹಾಗೆ. ಖುಷಿಯಿಂದ ಹಾಕಿಕೊಂಡೆ. ಆದರೆ ಇಷ್ಟು ವರ್ಷದಲ್ಲಿ ಬೆರಳುಗಳು ಹಳೆಯದರಲ್ಲಿ ಒಂದನ್ನು ಮಾತ್ರ ಗಟ್ಟಿಯಾಗಿ ಕಲಿತುಬಿಟ್ಟಿದ್ದವು, ಹೊರಡಲು ಎಕ್ಸ್ ಎಂದು. ಈಗ ಎಕ್ಸ್ ಒತ್ತಿದರೆ ಒಂದು ಸಾಲು ಹೊರಡುತ್ತದೆ. ಇನ್ನೊಮ್ಮೆ ಒತ್ತಿದರೆ ಇನ್ನೊಂದು ಸಾಲು. ನಾನು ಮಾತ್ರ ಅಲ್ಲೇ.